ಜೇಬಿನ ಕಂಪ್ಯೂಟರೂ ನಲ್ಲಿಯ ನೀರೂ

ಹುಟ್ಟಿದಾಗ ಇಟ್ಟ ಹೆಸರು ಏನೇ ಇರಲಿ, ಬೀದಿಗೂ ಕಚೇರಿಗೂ ಅವರು ಗೊತ್ತಪ್ಪನವರು. ಎದುರಿನವರ ಮಾತು ಅರ್ಧಕ್ಕೆ ಬರುವ ಮೊದಲೇ ‘ಗೊತ್ತಪ್ಪಾ, ಗೊತ್ತು’ ಎಂದುಬಿಡುವುದು ಅವರ ಚಾಳಿ. ಹಿಂದೊಮ್ಮೆ ಡಾಕ್ಟರು ಔಷಧಿ ಕೊಟ್ಟು ‘ಇದನ್ನ ದಿನಾ...’ ಎನ್ನುವಷ್ಟರಲ್ಲಿ ‘ಗೊತ್ತು’ ಎಂದು ಎದ್ದು ಬಂದು, ಕಿವಿಗೆ ಬಿಟ್ಟುಕೊಳ್ಳಬೇಕಾದ ಹನಿಗಳನ್ನು ಚಮಚದಲ್ಲಿ ಕುಡಿದಿದ್ದರು. ಕಿವಿನೋವು ವಾಸಿಯಾಗಿಬಿಟ್ಟಿತು, ಅದೇ ಆದ ಅನಾಹುತ. ಅಂದಿನಿಂದ ಅವರ ಆತ್ಮವಿಶ್ವಾಸಕ್ಕೆ ಮೂಗುದಾರವೇ ಇಲ್ಲದಂತಾಯಿತು.

ಗೊತ್ತಪ್ಪನವರಿಗೆ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ. ವಿಭಾಗ ಎಂದರೆ ಅವರು, ಒಂದು ಕುರ್ಚಿ, ಒಂದು ಕಂಪ್ಯೂಟರು. ಜನ ಬಂದು ನಲ್ಲಿಯಲ್ಲಿ ನೀರಿಲ್ಲ ಎನ್ನುತ್ತಾರೆ. ಇವರು ಒಂದೊಂದು ದೂರನ್ನೂ ಒಂದೊಂದು ಫೈಲು ಮಾಡಿ ಪರದೆಯ ಮೇಲೆ ಇಡುತ್ತಾರೆ. ಬೆಳಿಗ್ಗೆ ಪೈಪ್ ರಿಪೇರಿ ತಂಡದ ಮೇಸ್ತ್ರಿ ಬಂದು ಪರದೆ ನೋಡಿ, ಎಲ್ಲೆಲ್ಲಿ ಗುಂಡಿ ತೋಡಬೇಕೆಂದು ತಿಳಿದುಕೊಂಡು ಹೋಗುತ್ತಾನೆ. ರಿಪೇರಿ ಮುಗಿದರೆ ಅವನೇ ಬಂದು ಫೈಲನ್ನು ಅಳಿಸುತ್ತಾನೆ. ಪರದೆಯ ಮೇಲೆ ಇದ್ದರೆ ದೂರು ಉಂಟು, ಇಲ್ಲದಿದ್ದರೆ ಇಲ್ಲ. ದೂರಿಲ್ಲದೆ ಗುಂಡಿ ತೋಡುವಂತಿಲ್ಲ. ಕಚೇರಿಯ ಶಾಸ್ತ್ರವೆಲ್ಲ ಇಷ್ಟೇ. ಆದರೆ ಬರುವ ದೂರು ಹೆಚ್ಚು, ತೋಡುವ ಗುಂಡಿ ಕಡಿಮೆ. ವರ್ಷಗಟ್ಟಲೆ ಫೈಲುಗಳು ತುಂಬಿ, ಅವುಗಳ ಹಿಂದಿದ್ದ ಚಿತ್ರ ಯಾವುದೆಂಬುದೇ ಎಲ್ಲರಿಗೂ ಮರೆತುಹೋಗಿತ್ತು. ಜಲಪಾತವೆಂದು ಟೈಪಿಸ್ಟಮ್ಮ ಹೇಳುತ್ತಿದ್ದರು. ಹಿಂದಿನ ಸಾಹೇಬರ ಫೋಟೋ ಎಂದು ಅಟೆಂಡರ್ ಆಣೆ ಮಾಡುತ್ತಿದ್ದ. ಕಂಪ್ಯೂಟರೋ, ಆನ್ ಮಾಡಿ ಟೀ ಕುಡಿದು, ಲೋಟ ತೊಳೆದಿಟ್ಟು ಬಂದರೂ ಇನ್ನೂ ಗುಂಯ್ ಗುಂಯ್ ಎನ್ನುತ್ತಲೇ ಇರುತ್ತಿತ್ತು.

ಇದನ್ನು ನೋಡಲಾಗದೆ ಅವರ ಭಾಮೈದ ಒಂದು ಉಪಕಾರ ಮಾಡಿದ. ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಹೆಬ್ಬೆರಳಿನಷ್ಟು ಉದ್ದದ ಪೆನ್ ಡ್ರೈವ್ ಒಂದನ್ನು ತಂದು ಭಾವನ ಅಂಗೈಯಲ್ಲಿಟ್ಟ.

“ಭಾವ, ಇದರೊಳಗೆ ಪೂರ್ತಿ ಬೇರೆ ಸಿಸ್ಟಮ್ಮೇ ಇದೆ. ಇದನ್ನ ಚುಚ್ಚಿ ಆನ್ ಮಾಡಿದ್ರೆ ನಿಮ್ಮ ಕಂಪ್ಯೂಟರ್ ತನ್ನೊಳಗಿಂದ ಶುರುವಾಗಲ್ಲ, ಇದರಿಂದ ಶುರುವಾಗುತ್ತೆ. ಒಳಗಿನ ಹಳೇ ಸರಕೆಲ್ಲ ಹಾಗೇ ಇರುತ್ತೆ, ಕಾಣಿಸಲ್ಲ ಅಷ್ಟೆ. ಹೊಚ್ಚ ಹೊಸ ಪರದೆ, ಚಕ್ ಅಂತ ಬರುತ್ತೆ. ಆದ್ರೆ ಒಂದು ವಿಷಯ ಭಾವ, ಇದರಲ್ಲಿ ನೀವು ಏನೇ...”

“ಗೊತ್ತಪ್ಪಾ, ಗೊತ್ತು.”

ಇದರಲ್ಲಿ ನೀವು ಏನೇ ಬರೆದಿಟ್ಟರೂ ಆಫ್ ಮಾಡಿದ ಕೂಡಲೇ ಎಲ್ಲ ಅಳಿಸಿಹೋಗುತ್ತದೆ ಎಂದು ಪಾಪ ಅವನು ಹೇಳಬೇಕೆಂದಿದ್ದ. ಆ ಮಾತು ಅವನ ಬಾಯಲ್ಲೇ ಉಳಿಯಿತು. ಕಚೇರಿಗೂ ಬಂದು, ಪೆನ್ ಡ್ರೈವ್ ಕಂಡರೆ ಮೊದಲು ಅದನ್ನೇ ಹಿಡಿಯುವಂತೆ ಕಂಪ್ಯೂಟರನ್ನು ಸರಿಮಾಡಿಕೊಟ್ಟು ಹೋದ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಗೊತ್ತಪ್ಪನವರು ಪೆನ್ ಡ್ರೈವಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡರು. ದಿನಸಿ ಅಂಗಡಿಯವನು “ಇದೇನ್ ಸಾರ್, ತಾಯತವಾ?” ಎಂದು ಕೇಳಿದ್ದಕ್ಕೆ ಅವನ ಅಂಗಡಿ ಮುಚ್ಚುವವರೆಗೂ ನಿಂತು ವಿವರಿಸಿದರು.

ಮಾರನೆಯ ದಿನ ಕಚೇರಿಯಲ್ಲಿ ಪೆನ್ ಡ್ರೈವ್ ಚುಚ್ಚಿ ಆನ್ ಮಾಡಿದರು. ಟೀ ಲೋಟ ಬಾಯಿಗೆ ಹೋಗುವುದರೊಳಗೆ ಪರದೆ ಬೆಳಗಿತು. ಒಂದೇ ಒಂದು ಫೈಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಶುಭ್ರವಾದ ನೀಲಿ. ಟೈಪಿಸ್ಟಮ್ಮ ಕನ್ನಡಕ ಒರೆಸಿಕೊಂಡು ನೋಡಿದರು. ಸರಿಯಾಗಿ ಆ ಹೊತ್ತಿಗೇ ಸಾಹೇಬರು ಒಳಗೆ ಬಂದರು.

ಸಾಹೇಬರು ಆ ಪರದೆಯ ಮುಂದೆ ನಿಂತಾಗಲೆಲ್ಲ ಬೈಯುವುದು ಪದ್ಧತಿ. ಅಂದೂ ಬೈಯಲೆಂದು ಬಾಯಿ ತೆರೆದರು. ತೆರೆದ ಬಾಯಿ ತೆರೆದೇ ಇತ್ತು.

“ಏನ್ರೀ ಇದು? ದೂರುಗಳೆಲ್ಲ ಎಲ್ಲಿ?”

ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಆದರೆ ಹಿಂದೆ ಟೈಪಿಸ್ಟಮ್ಮ ಇದ್ದರು, ಬಾಗಿಲಲ್ಲಿ ಅಟೆಂಡರ್ ಇದ್ದ. ಗೊತ್ತಪ್ಪನವರ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು. “ಎಲ್ಲಾ ಕ್ಲಿಯರ್ ಸಾರ್.”

“ಎಲ್ಲಾನೂ?”

“ಪೂರ್ತಿ ಸಾರ್.”

ಸಾಹೇಬರು ಕುರ್ಚಿ ಎಳೆದುಕೊಂಡು ಕೂತು, ಆ ನೀಲಿಯನ್ನೇ ನೋಡುತ್ತಾ ಹೋದರು. ಇಷ್ಟು ವರ್ಷದ ಸರ್ವಿಸಿನಲ್ಲಿ ಇಂಥ ದೃಶ್ಯ ಅವರು ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಆ ಕಚೇರಿಯಿಂದ ಹಲವು ದಿನಗಳಲ್ಲಿ ಹೊರಬಂದ ನೀರು ಅದೊಂದೇ.

ನಾಳೆ ಪೆನ್ ಡ್ರೈವ್ ತೆಗೆದು ಹಳೆಯದಕ್ಕೇ ಹೋದರಾಯಿತು ಎಂದುಕೊಂಡರು ಗೊತ್ತಪ್ಪನವರು. ಆದರೆ ನಾಳೆ ಸಾಹೇಬರು ಪಕ್ಕದ ಊರಿನ ಸಾಹೇಬರನ್ನು ಕರೆದುಕೊಂಡು ಬಂದರು. ನಾಡಿದ್ದು ಇನ್ನಿಬ್ಬರು. ಪರದೆಯ ಮುಂದೆ ಫೋಟೋ ತೆಗೆಸಿಕೊಂಡರು. ಇನ್ನು ಆ ಪೆನ್ ಡ್ರೈವ್ ತೆಗೆಯುವುದುಂಟೆ?

ಹೊಸ ದೂರುಗಳನ್ನು ಅವರು ಪ್ರಾಮಾಣಿಕವಾಗಿ ಬರೆದುಕೊಳ್ಳುತ್ತಲೇ ಇದ್ದರು. ಸಂಜೆ ಆಫ್ ಮಾಡಿ ಮನೆಗೆ ಹೋಗಿ, ಬೆಳಿಗ್ಗೆ ಬಂದು ನೋಡಿದರೆ ಪರದೆ ಮತ್ತೆ ಖಾಲಿ. ಮೊದಲ ದಿನ ತಲೆ ಕೆರೆದುಕೊಂಡರು. ಎರಡನೆಯ ದಿನ ಹೊಳೆಯಿತು: ಕೆಲಸ ಮುಗಿದ ದೂರು ತಾನೇ ಪರದೆಯಿಂದ ಹೋಗುವುದು? ಹಾಗಾದರೆ ಮೇಸ್ತ್ರಿ ಬೆಳಗಾಗುವುದರೊಳಗೆ ಎಲ್ಲ ಮುಗಿಸುತ್ತಿದ್ದಾನೆ!

“ಏನಪ್ಪಾ ಮೇಸ್ತ್ರಿ ನಿನ್ನ ಕೆಲಸ! ನಿನ್ನೆ ಬರೆದಿದ್ದು ಇವತ್ತು ಇಲ್ಲ!” ಎಂದು ಬೆನ್ನು ತಟ್ಟಿದರು.

ಮೇಸ್ತ್ರಿ ಬೆಳಿಗ್ಗೆ ಬಂದು ಖಾಲಿ ಪರದೆ ನೋಡಿ, ಇಂದೂ ಕೆಲಸವಿಲ್ಲವೆಂದು ಕ್ಯಾರಂ ಬೋರ್ಡಿನ ಮುಂದೆ ಕೂರುತ್ತಿದ್ದ ಆಸಾಮಿ. ಹೊಗಳಿಕೆ ಯಾಕೆ ಬಂತೆಂದು ಅವನಿಗೆ ತಿಳಿಯಲಿಲ್ಲ. ಬಂದ ಹೊಗಳಿಕೆಯನ್ನು ವಾಪಸು ಕಳಿಸುವ ಅಭ್ಯಾಸ ಅವನಿಗೂ ಇರಲಿಲ್ಲ. “ಎಲ್ಲಾ ನಿಮ್ಮ ಆಶೀರ್ವಾದ ಸಾರ್” ಎಂದ.

ಇಷ್ಟರಲ್ಲಿ ಗೊತ್ತಪ್ಪನವರ ಸ್ವಂತ ಬೀದಿಯ ನಲ್ಲಿಗಳು ಬತ್ತಿದವು.

ಅವರ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಶಿಶುವಿಹಾರ ನಡೆಸುತ್ತಿದ್ದರು. ಕೆಲಸಕ್ಕೆ ಹೋಗುವ ತಾಯಂದಿರು ಬಿಟ್ಟುಹೋಗುವ ಒಂಬತ್ತು ಮಕ್ಕಳು. ಆಕೆ ಒಬ್ಬೊಬ್ಬರ ಮನೆಗೂ ಹೋಗಿ ಮಾತಾಡಿ, ನಂಬಿಕೆ ಹುಟ್ಟಿಸಿ ಕಟ್ಟಿದ ಶಿಶುವಿಹಾರ ಅದು. ಮಕ್ಕಳು ಎಂದಮೇಲೆ ನೀರು ಬೇಕು. ಹಾಲು ಚೆಲ್ಲಿದರೆ ನೀರು, ಮಣ್ಣು ತಿಂದರೆ ನೀರು, ಉಳಿದದ್ದಕ್ಕೂ ನೀರು. ಆಕೆ ಟ್ಯಾಂಕರ್ ಮುಂದೆ ಸಾಲು ನಿಂತು ಬಕೆಟ್ ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡರು. ಕೊನೆಗೆ ತಾಯಂದಿರೆಲ್ಲ ಸೇರಿ ಮೆತ್ತಗಿನ ದನಿಯಲ್ಲಿ ಗಟ್ಟಿ ಮಾತು ಹೇಳಿದರು: “ಬೇಜಾರು ಮಾಡ್ಕೋಬೇಡಿ ಅಕ್ಕ. ಸೋಮವಾರದೊಳಗೆ ನಲ್ಲೀಲಿ ನೀರು ಬರದಿದ್ರೆ ಮಕ್ಕಳನ್ನ ಬೇರೆ ಕಡೆ ಸೇರಿಸ್ತೀವಿ.”

“ಅಷ್ಟೇ ತಾನೆ? ದೂರು ನಾನೇ ಬರ್ಕೋತೀನಿ. ನನ್ನ ಕೈ ಕೆಳಗೆ ಬಂದ ದೂರು ಒಂದು ರಾತ್ರಿ ಉಳಿಯಲ್ಲ” ಎಂದರು ಗೊತ್ತಪ್ಪನವರು. ಅದೊಂದು ಮಾತು ಅಕ್ಷರಶಃ ಸತ್ಯವಾಗಿತ್ತು.

ಮರುದಿನ ದೂರು ಬರೆದರು. ಅದರ ಮರುದಿನ ಪರದೆ ನೋಡಿದರು, ದೂರು ಇಲ್ಲ. ಎದೆಯುಬ್ಬಿಸಿಕೊಂಡು ಮನೆಗೆ ಬಂದರೆ ಹೆಂಡತಿ ಬಕೆಟ್ ಹಿಡಿದು ಎದುರಾದರು.

“ಯಾಕೆ ಇನ್ನೂ ಬಕೆಟ್ ಹೊರ್ತಿದ್ದೀಯ? ನೀರು ಬಂತಲ್ಲ!”

“ಎಲ್ಲಿ ಬಂತು?”

“ಬಂದಿದೆ ಕಣೇ. ಬೆಳಿಗ್ಗೆ ನಾನೇ ಕಣ್ಣಾರೆ ನೋಡ್ದೆ.”

“ಎಲ್ಲಿ ನೋಡಿದ್ರಿ?”

“ಕಂಪ್ಯೂಟರ್‌ನಲ್ಲಿ.”

ಹೆಂಡತಿ ಹೋಗಿ ನಲ್ಲಿ ತಿರುಗಿಸಿದರು. ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

“ಈಗ ಏನಂತೀರಿ?”

“ನಲ್ಲಿಗೇನು ಗೊತ್ತು?” ಎಂದರು ಗೊತ್ತಪ್ಪನವರು. “ಸರಿಯಾಗಿ ತಿರುಗಿಸಿದ್ಯಾ?”

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಅವರಿಗೆ ಗೊತ್ತಪ್ಪನವರ ಪರಿಚಯ ಇರಲಿಲ್ಲ. ಅಂಗೈ ನೋಡಿದ್ದು ಸುಳ್ಳು, ಕನ್ನಡಿಯಲ್ಲಿ ಕಂಡದ್ದೇ ನಿಜ ಎಂದು ವಾದಿಸುವವರು ಅವರು. ಎದುರು ಮನೆಯವರನ್ನು ಕರೆದು ಸಾಕ್ಷಿ ಕೇಳಿದರು. ಎದುರು ಮನೆಯವರು ತಮ್ಮ ಮನೆಯ ಖಾಲಿ ಕೊಡ ತಂದು ತೋರಿಸಿದರು. “ಒಂದು ಕೊಡದ ಮೇಲೆ ಇಡೀ ವ್ಯವಸ್ಥೇನ ತೂಗೋಕಾಗಲ್ಲ” ಎಂದು ಗೊತ್ತಪ್ಪನವರು ತೀರ್ಪು ಕೊಟ್ಟರು. ಹೆಂಡತಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಸಿಟ್ಟು ತಡೆಯಲಾಗದೆ ಅತ್ತುಬಿಟ್ಟರು.

ಅಳು ನೋಡಿ ಗೊತ್ತಪ್ಪನವರ ಕರುಳು ಚುರುಕ್ಕೆಂದಿತು. ಮಾರನೆಯ ದಿನ ಅದೇ ದೂರನ್ನು ದಪ್ಪ ಅಕ್ಷರದಲ್ಲಿ ಬರೆದರು. ಅದರ ಮಾರನೆಯ ದಿನ ಕೆಂಪು ಅಕ್ಷರದಲ್ಲಿ. ಎಷ್ಟು ದಪ್ಪಗೆ ಬರೆದರೂ ರಾತ್ರಿಯೊಳಗೆ ಕೆಲಸ ಮುಗಿದುಹೋಗುತ್ತಿತ್ತು. ಇತ್ತ ಸಾಹೇಬರು, ನಮ್ಮಲ್ಲಿ ದೂರೇ ಇಲ್ಲದ ಮೇಲೆ ರಿಪೇರಿ ತಂಡ ಯಾಕೆಂದು ಮೇಸ್ತ್ರಿಯನ್ನೂ ಅವನ ಜನರನ್ನೂ ಪಕ್ಕದ ಊರಿಗೆ ಎರವಲು ಕೊಟ್ಟರು. ಮೇಸ್ತ್ರಿ ಕ್ಯಾರಂ ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಸುದ್ದಿ ಮೇಲಕ್ಕೆ ಹೋಯಿತು. ಎಲ್ಲ ಊರುಗಳ ನೀರು ಕಚೇರಿಗಳಿಗೂ ಮೇಲಾದ ದೊಡ್ಡ ಸಾಹೇಬರು, ಶನಿವಾರ ತಾವೇ ಬಂದು ಗೊತ್ತಪ್ಪನವರಿಗೆ ಸನ್ಮಾನ ಮಾಡುವುದಾಗಿ ತಿಳಿಸಿದರು. ಕಚೇರಿಯಲ್ಲಿ ಗಡಿಬಿಡಿಯೋ ಗಡಿಬಿಡಿ. ಅಟೆಂಡರ್ ಅಂಗಳ ತೊಳೆದ, ಮೆಟ್ಟಿಲು ತೊಳೆದ, ಕುಂಡದ ಗಿಡಗಳ ಒಂದೊಂದು ಎಲೆಯನ್ನೂ ತೊಳೆದ. ಮಾಳಿಗೆಯ ಟ್ಯಾಂಕಿನಲ್ಲಿ ಉಳಿದಿದ್ದ ನೀರೆಲ್ಲ ಖರ್ಚಾಯಿತು. ಟ್ಯಾಂಕಿಗೆ ನೀರು ಬರುವುದೂ ಗೊತ್ತಪ್ಪನವರ ಬೀದಿಯ ಪೈಪಿನಿಂದಲೇ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ದೊಡ್ಡ ಸಾಹೇಬರು ಬಂದರು. ದಾರಿಯ ಧೂಳೆಲ್ಲ ಅವರ ಮುಖದ ಮೇಲಿತ್ತು. “ಮುಖ ತೊಳ್ಕೊಂಡು ಬರ್ತೀನಿ, ಆಮೇಲೆ ಶುರು ಮಾಡೋಣ” ಎಂದು ಒಳಗೆ ಹೋದರು. ಪೈಪಿನಲ್ಲಿ ಉಳಿದಿದ್ದ ಕೊನೆಯ ಒಂದು ಬೊಗಸೆ ನೀರಿನಲ್ಲಿ ಮುಖ ಒದ್ದೆ ಮಾಡಿಕೊಂಡು, ಹೊಸ ಸೋಪು ಬಿಚ್ಚಿ, ಹಣೆಯಿಂದ ಗದ್ದದವರೆಗೆ ಚೆನ್ನಾಗಿ ಉಜ್ಜಿ, ಕಣ್ಣು ಮುಚ್ಚಿಕೊಂಡೇ ನಲ್ಲಿ ತಿರುಗಿಸಿದರು.

“ಯಾರ್ರೀ ಅಲ್ಲಿ! ನೀರು!”

ಸಾಹೇಬರು ಓಡಿದರು. ಬಾಗಿಲ ಬಳಿ ನಿಂತು ವಿನಯದಿಂದ ಹೇಳಿದರು: “ಸಾರ್, ನಮ್ಮಲ್ಲಿ ನೀರಿಲ್ಲ ಅನ್ನೋ ದೂರೇ ಇಲ್ಲ.”

“ನಾನು ಕೊಡ್ತಾ ಇದ್ದೀನಲ್ಲಾ! ಬರ್ಕೊಳ್ರೀ! ಅಯ್ಯೋ ನನ್ನ ಕಣ್ಣು!”

ಗೊತ್ತಪ್ಪನವರು ಕುರ್ಚಿಗೆ ಹಾರಿ ದೂರು ಬರೆದರು: ‘ದೊಡ್ಡ ಸಾಹೇಬರು, ಮುಖ, ತುರ್ತು.’ ನೀಲಿ ಪರದೆಯ ನಟ್ಟನಡುವೆ ಫೈಲು ಮೂಡಿತು. ಸನ್ಮಾನಕ್ಕೆ ಬಂದವರೆಲ್ಲ ಸುತ್ತ ನಿಂತಿದ್ದರು. ಸಾಹೇಬರ ಬಟ್ಟೆ ಬೆವರಿನಿಂದ ತೊಯ್ದಿತು.

“ಮೇಸ್ತ್ರೀನ ಕರೀರಿ!”

“ಪಕ್ಕದೂರಿಗೆ ನೀವೇ ಕಳಿಸಿದ್ರಲ್ಲ ಸಾರ್.”

“ಹಾಗಾದ್ರೆ ದಿನಾ ದೂರು ಹೇಗ್ರೀ ಕ್ಲಿಯರ್ ಆಗುತ್ತೆ?”

“ಸಂಜೆ ಆಫ್ ಮಾಡ್ತೀನಿ ಸಾರ್. ಬೆಳಿಗ್ಗೆ ಆನ್ ಮಾಡಿದ್ರೆ ಆಗಿರುತ್ತೆ.”

ಸಾಹೇಬರು ಒಂದು ಗಳಿಗೆ ಯೋಚಿಸಿದರು. ಬೆಳಿಗ್ಗೆವರೆಗೆ ಕಾಯುವ ಸ್ಥಿತಿಯಲ್ಲಿ ದೊಡ್ಡ ಸಾಹೇಬರು ಇರಲಿಲ್ಲ. “ಈಗಲೇ ಆಫ್ ಮಾಡ್ರಿ. ಆನ್ ಮಾಡ್ರಿ.”

ಆಫ್ ಮಾಡಿದರು. ಆನ್ ಮಾಡಿದರು. ಪರದೆ ಬೆಳಗಿತು, ದೂರು ಮಾಯ! ಸಭಿಕರು ಚಪ್ಪಾಳೆ ತಟ್ಟಿದರು. ಪಕ್ಕದ ಊರಿನ ಸಾಹೇಬರಂತೂ ಕೈ ಮೇಲೆತ್ತಿ ತಟ್ಟಿದರು. ಸಾಹೇಬರು ನಗುಮುಖದಿಂದ ಬಚ್ಚಲಿಗೆ ಓಡಿ ವರದಿ ಒಪ್ಪಿಸಿದರು.

“ಸಾರ್, ನಿಮ್ಮ ದೂರು ಕ್ಲಿಯರ್ ಆಗಿದೆ.”

“ಎಲ್ರೀ ಆಗಿದೆ?” ಒಳಗಿನಿಂದ ನಲ್ಲಿ ಬುಸ್ ಎಂದಿತು.

“ಆಗಿದೆ ಸಾರ್. ಕಂಪ್ಯೂಟರ್‌ನಲ್ಲಿ ನಾನೇ ನೋಡ್ದೆ. ಸರಿಯಾಗಿ ತಿರುಗಿಸಿದ್ರಾ?”

ಗೊತ್ತಪ್ಪನವರಿಗೆ ಈ ಮಾತು ಎಲ್ಲೋ ಕೇಳಿದಂತಾಯಿತು. ಎಲ್ಲಿ ಎಂದು ನೆನಪಾಗುವಷ್ಟರಲ್ಲಿ ಹೆಂಡತಿಯೇ ಬಾಗಿಲಲ್ಲಿದ್ದರು. ಕೈಯಲ್ಲಿ ಆಗಷ್ಟೇ ಟ್ಯಾಂಕರ್‌ನಿಂದ ಹಿಡಿದ ಒಂದು ಬಕೆಟ್ ನೀರು, ಅದರಲ್ಲಿ ತೇಲುವ ಒಂದು ಮಗ್. ಹಿಂದೆ ಒಂಬತ್ತು ಮಕ್ಕಳು, ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ರೈಲಿನಂತೆ. ಆಕೆ ಸನ್ಮಾನಕ್ಕೆ ಬಂದವರಲ್ಲ. ಸೋಮವಾರ ಹತ್ತಿರ ಬಂದಿತ್ತು, ಅದಕ್ಕೆ ಬಂದವರು.

“ತಾಯೀ, ಆ ನೀರು ಸ್ವಲ್ಪ ಕೊಡಿ!” ಸಾಹೇಬರು ಕೈ ಚಾಚಿದರು.

“ಮಕ್ಕಳ ನೀರು ಇದು” ಎಂದು ಆಕೆ ಬಕೆಟನ್ನು ಹಿಂದಕ್ಕೆಳೆದುಕೊಂಡರು. “ಒಳಗೆ ಕೂಗ್ತಿರೋರಿಗೆ ಬೇಕಾದ್ರೆ ನಾನೇ ಕೊಡ್ತೀನಿ. ನಿಮಗಲ್ಲ.”

ಸೀದಾ ಒಳಗೆ ಹೋಗಿ ದೊಡ್ಡ ಸಾಹೇಬರ ಮುಖಕ್ಕೆ ಒಂದು ಮಗ್ ನೀರು ಹಾಕಿದರು. ಒಂದು ಕಣ್ಣು ತೆರೆಯಿತು, ಕೆಂಡದ ಹಾಗೆ.

“ಯಾರಮ್ಮಾ ನೀವು?”

“ಸನ್ಮಾನ ಮಾಡ್ತೀರಲ್ಲ, ಅವರ ಹೆಂಡತಿ. ನಮ್ಮ ಬೀದೀಲಿ ನೀರಿಲ್ಲ ಸಾರ್. ದಿನಾ ದೂರು ಕೊಡ್ತಾ ಇದ್ದೀನಿ. ನಾಡಿದ್ದು ಈ ಮಕ್ಕಳೆಲ್ಲ ನನ್ನ ಬಿಟ್ಟು ಹೋಗ್ತಾರೆ.”

“ಸಾರ್, ಇವರ ದೂರು ಕ್ಲಿಯರ್ ಆಗಿದೆ” ಎಂದರು ಸಾಹೇಬರು ಹಿಂದಿನಿಂದ.

ದೊಡ್ಡ ಸಾಹೇಬರ ಒಂಟಿ ಕಣ್ಣು ಅವರ ಕಡೆ ತಿರುಗಿತು. “ನನ್ನದೂ ಕ್ಲಿಯರ್ ಆಗಿದೆ ಅಂದ್ರಲ್ಲ!”

ಮಕ್ಕಳಲ್ಲಿ ಒಂದು, ಸೋಪಿನ ಮುಖ ನೋಡಿ ಖುಷಿಯಿಂದ ಕೇಕೆ ಹಾಕಿತು.

“ನಿನ್ನೆ ನನ್ನ ತಮ್ಮನ ಅಂಗಡಿಗೆ ಹೋಗಿ ಕೇಳಿದೆ” ಎಂದರು ಹೆಂಡತಿ, ಗಂಡನ ಕಡೆ ತಿರುಗಿ. “ಆ ಪೆನ್ ಡ್ರೈವ್ ಹಾಕಿ ಬರೆದಿದ್ದೆಲ್ಲ ಆಫ್ ಮಾಡಿದ ಕೂಡಲೇ ಅಳಿಸಿಹೋಗುತ್ತಂತೆ. ಹೇಳೋಕೆ ಹೋದ್ರೆ ನೀವು ಕೇಳಿಸ್ಕೊಳ್ಳಲಿಲ್ಲವಂತೆ.”

ಗೊತ್ತಪ್ಪನವರು ಬಾಯಿ ತೆರೆದರು. ಎಂದೂ ತಪ್ಪದೆ ಬರುತ್ತಿದ್ದ ಆ ಒಂದು ಪದ ಅಂದು ಬರಲಿಲ್ಲ. ಸನ್ಮಾನದ ಶಾಲು ಮೇಜಿನ ಮೇಲಿತ್ತು, ಹೆಂಡತಿ ಎದುರಿಗಿದ್ದರು. ಅವರೇ ಹೋಗಿ ಕಂಪ್ಯೂಟರ್ ಆಫ್ ಮಾಡಿ, ಪೆನ್ ಡ್ರೈವ್ ಕಿತ್ತು, ಮತ್ತೆ ಆನ್ ಮಾಡಿದರು. ಅದು ತನ್ನ ಹಳೆಯ ಚಾಳಿಯಂತೆ ಗುಂಯ್ ಎಂದಿತು. ದೊಡ್ಡ ಸಾಹೇಬರ ಎರಡನೆಯ ಕಣ್ಣಿಗೆ ಇನ್ನೊಂದು ಮಗ್ ನೀರು ಬೀಳುವ ಹೊತ್ತಿಗೆ ಫೈಲುಗಳು ಒಂದೊಂದಾಗಿ ಮೂಡತೊಡಗಿ, ಕಡೆಗೆ ಇಡೀ ಪರದೆಯನ್ನು ಮುಚ್ಚಿಬಿಟ್ಟವು. ಸಾಹೇಬರು ಕುರ್ಚಿಯಲ್ಲಿ ಕುಸಿದರು. ಪಕ್ಕದ ಊರಿನ ಸಾಹೇಬರು ತಾವು ಅಲ್ಲಿಗೆ ಬಂದೇ ಇಲ್ಲವೆಂಬಂತೆ ಜಾಗ ಖಾಲಿ ಮಾಡಿದರು.

“ಇವತ್ತೇ ತಂಡ ವಾಪಸು ಬರ್ಬೇಕು. ಮೊದಲ ಗುಂಡಿ ಈ ಅಮ್ಮನ ಬೀದೀಲಿ” ಎಂದು ದೊಡ್ಡ ಸಾಹೇಬರು ಅಬ್ಬರಿಸಿ, ಟವೆಲಿಲ್ಲದ್ದರಿಂದ ಸನ್ಮಾನದ ಶಾಲಿನಲ್ಲೇ ಮುಖ ಒರೆಸಿಕೊಂಡು ಕಾರು ಹತ್ತಿದರು.

ಮೇಸ್ತ್ರಿ ಬಂದ. ಬೀದಿಯಲ್ಲಿ ಗುಂಡಿ ತೋಡಿದ. ಭಾನುವಾರ ಇಳಿಹೊತ್ತಿಗೆ ನಲ್ಲಿ ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ತಿಳಿನೀರು ಧೋ ಎಂದು ಸುರಿಯಿತು. ಗೊತ್ತಪ್ಪನವರು ನಂಬಲಾಗದೆ ಕೈಯೊಡ್ಡಿ ನೋಡಿದರು. ಸೋಮವಾರ ಬೆಳಿಗ್ಗೆ ತಾಯಂದಿರು ಬಂದು ನಲ್ಲಿ ತಿರುಗಿಸಿ ನೋಡಿ, ಮಕ್ಕಳನ್ನು ಬಿಟ್ಟು, ಹಗುರವಾಗಿ ಕೆಲಸಕ್ಕೆ ಹೋದರು. ಒಂಬತ್ತೂ ಬಂದವು.

ಅಷ್ಟಕ್ಕೆ ಮುಗಿದಿದ್ದರೆ ಅದು ಕಚೇರಿಯೇ ಆಗುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಮೇಲಿನಿಂದ ಪ್ರಶ್ನೆ ಬಂತು: ಆ ಬೀದಿಯಲ್ಲಿ ಗುಂಡಿ ತೋಡಿದ್ದು ಯಾವ ದೂರಿನ ಮೇಲೆ? ಹುಡುಕಿದರೆ ಕಂಪ್ಯೂಟರಿನ ಹಳೆಯ ಫೈಲುಗಳಲ್ಲಿ ಆ ದೂರು ಎಲ್ಲಿರಬೇಕು? ದಪ್ಪ ಅಕ್ಷರದ್ದು, ಕೆಂಪು ಅಕ್ಷರದ್ದು, ಎಲ್ಲವೂ ಆಯಾ ಸಂಜೆಯೇ ಅಳಿಸಿಹೋಗಿದ್ದವು. ದೂರಿಲ್ಲದ ಗುಂಡಿ ತಪ್ಪು. ತಪ್ಪು ಗುಂಡಿಯಿಂದ ಬಂದ ನೀರೂ ತಪ್ಪು. ಸಾಹೇಬರು ಗೊತ್ತಪ್ಪನವರನ್ನು ಮುಂದೆ ಮಾಡಿಕೊಂಡು ಮನೆಗೇ ಬಂದರು. ಹೆಂಡತಿ ಹಿತ್ತಲಿನಲ್ಲಿ ಮಕ್ಕಳಿಗೆ ಸಾಲಾಗಿ ಕೈಕಾಲು ತೊಳೆಸುತ್ತಿದ್ದರು.

“ತಾಯೀ, ಹೇಗಾದ್ರೂ ಮಾಡಿ ಒಂದು ದೂರು ಕೊಡಿ” ಎಂದು ಸಾಹೇಬರು ಕೈ ಮುಗಿದರು. “ಇವತ್ತಿನ ತಾರೀಖಲ್ಲೇ ಬರೀಬೇಕು, ಹಿಂದಿನ ತಾರೀಖು ಹಾಕೋ ಹಾಗಿಲ್ಲ. ಇಲ್ದಿದ್ರೆ ನಮ್ಮಿಬ್ಬರ ಕೆಲಸಕ್ಕೂ ಸಂಚಕಾರ.”

“ಇವತ್ತು ನೀರು ಬರ್ತಾ ಇದೆಯಲ್ಲ ಸಾರ್. ಏನಂತ ದೂರು ಕೊಡ್ಲಿ?”

“ಏನಾದ್ರೂ ಕೊಡಿ ತಾಯೀ. ಇದ್ದದ್ದು ಇದ್ದ ಹಾಗೇ ಕೊಡಿ.”

ಆಕೆ ಮಗುವಿನ ಕಾಲಿಗೆ ಇನ್ನೊಂದು ಮಗ್ ನೀರು ಸುರಿದು, ನಲ್ಲಿಯ ಕಡೆ ನೋಡಿ, ಗಂಡನ ಕಡೆ ನೋಡಿದರು.

“ಸರಿ, ಬರ್ಕೊಳ್ಳಿ. ನಮ್ಮ ಮನೇಲಿ ನೀರು ಬರ್ತಾ ಇದೆ.”

ಗೊತ್ತಪ್ಪನವರು ಒಂದಕ್ಷರ ಬಿಡದೆ, ಪೂರ್ತಿ ಕೇಳಿಸಿಕೊಂಡು ಬರೆದುಕೊಂಡರು. “ಬರ್ಕೊಂಡೆ.”

“ಇದನ್ನ ಮಾತ್ರ” ಎಂದರು ಹೆಂಡತಿ, “ದಯವಿಟ್ಟು ನೀವ್ಯಾರೂ ಕ್ಲಿಯರ್ ಮಾಡೋಕೆ ಬರಬೇಡಿ.”